ಪುಕ್ಕಟೆ ಪ್ರಾಕ್ಸಿಯೂ ನಮ್ಮತ್ತೆಯ ಕಣ್ಣೂ

ಮಾನ್ಯ ಭದ್ರತಾ ಮುಖ್ಯಸ್ಥರೇ,

ಸರಕಾರಿ ಆಸ್ಪತ್ರೆಗಳ ಮುಂಗಡ ನೋಂದಣಿ ಜಾಲತಾಣವನ್ನು ಕಳ್ಳಕಾಕರಿಂದ ಕಾಯುವವರು ನೀವು. ನೀವು ಹಿಡಿದ ಕಳ್ಳರಲ್ಲಿ ನಮ್ಮತ್ತೆಯೂ ಒಬ್ಬರು. ಎಪ್ಪತ್ತು ದಾಟಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ. ಅವರ ಶಸ್ತ್ರಚಿಕಿತ್ಸೆಗೆ ಕಾದು ಕಾದು ಸಿಕ್ಕಿದ್ದ ದಿನವನ್ನು ನೀವು ರದ್ದು ಮಾಡಿದ್ದೀರಿ. ಕಾರಣ, ನಮ್ಮದು ‘ಸಂಶಯಾಸ್ಪದ ವಿಳಾಸ’. ಆ ದಿನವನ್ನು ವಾಪಸ್ ಕೊಡಿ ಎಂದು ಕೇಳಲು ಈ ಪತ್ರ. ಬಹಿರಂಗವಾಗಿ ಯಾಕೆಂದರೆ, ಖಾಸಗಿಯಾಗಿ ಕೇಳುವ ಬಾಗಿಲುಗಳನ್ನೆಲ್ಲ ನೀವೇ ಮುಚ್ಚಿದ್ದೀರಿ.

ನಮ್ಮದು ಗುಂಡಿ ವ್ಯಾಪಾರ. ಮುಂದಿನ ಕೋಣೆಯಲ್ಲಿ ಸೂರಿನ ತನಕ ಗುಂಡಿಯ ಡಬ್ಬಗಳು, ಹಿಂದಿನ ಕೋಣೆಯಲ್ಲಿ ಸಂಸಾರ. ದರ್ಜಿಗಳು ಬಟ್ಟೆಯ ಚೂರು ಕಳಿಸುತ್ತಾರೆ, ಅದಕ್ಕೆ ಒಪ್ಪುವ ಗುಂಡಿಯನ್ನು ಅತ್ತೆ ಕಿಟಕಿಯ ಬೆಳಕಿನಲ್ಲಿ ಕೂತು ಆರಿಸುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಆರಿಸಿಟ್ಟ ಗುಂಡಿಗಳನ್ನು ನೋಡಿ, “ಕಣ್ಣಿದ್ದೂ ಕುರುಡಿ ಕಣೇ ನೀನು” ಎಂದಿದ್ದರು. ಈಗ ಅವರು ಆರಿಸಿಟ್ಟಿದ್ದನ್ನು ನಾನು ಅವರಿಗೆ ಗೊತ್ತಾಗದ ಹಾಗೆ ಬದಲಾಯಿಸುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇಂಥ ಕಾಲ ನನಗೆ ಬೇಕಿರಲಿಲ್ಲ.

ಇನ್ನು ನಮ್ಮ ಅಪರಾಧ. ಸಗಟು ಮಾರುವ ಜಾಲತಾಣಗಳು ಊರಿಗೊಂದು ದರ ತೋರಿಸುತ್ತವೆ. ಬೇರೆ ಊರಿನ ಗಿರಾಕಿಗೆ ಏನು ಕಾಣುತ್ತದೆ ಎಂದು ತಿಳಿಯದೆ ನಮ್ಮ ಬೆಲೆ ಕಟ್ಟುವುದು ಹೇಗೆ? ಅದಕ್ಕೆ ಪ್ರಾಕ್ಸಿ ಬೇಕು. ಅದು ನಡುವೆ ನಿಂತು, ಬೇರೆ ಊರಿನ ಇಂಟರ್ನೆಟ್ ವಿಳಾಸದಿಂದ ಪುಟವನ್ನು ತಂದುಕೊಡುವ ದಲ್ಲಾಳಿ. ಇದು ತಪ್ಪೇನಲ್ಲ, ದೊಡ್ಡ ಕಂಪನಿಗಳೆಲ್ಲ ಮಾಡುವುದೇ. ಆದರೆ ನಮ್ಮ ಮೈದುನ ಮಹಾಶಯ ಆರಿಸಿದ್ದು ಪುಕ್ಕಟೆ ಸಿಕ್ಕಿದ್ದನ್ನು. ಹಸಿರು ಗಿಳಿಯ ಚಿತ್ರವಿದ್ದ ಆ್ಯಪು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬಂತೆ ಮನೆಯ ಎಲ್ಲ ಫೋನುಗಳಿಗೂ ಹಾಕಿಕೊಟ್ಟ. ಗಿಳಿ ನಮಗೆ ಬೇರೆ ಊರಿನ ವಿಳಾಸ ಕೊಟ್ಟಿತು. ಅದಕ್ಕೆ ಬದಲಾಗಿ ನಮ್ಮ ಮನೆಯ ವಿಳಾಸವನ್ನು ಕಂಡಕಂಡವರಿಗೆ ಬಾಡಿಗೆಗೆ ಕೊಟ್ಟಿತು. ಷರತ್ತಿನಲ್ಲಿ ಹಾಗಂತ ಬರೆದೇ ಇತ್ತು. ನಮ್ಮ ಯಜಮಾನರು ಅದನ್ನು ಓದಿದ್ದು ನಿಮ್ಮ ನೋಟಿಸು ಬಂದ ಮೇಲೆ.

ಯಾರೋ ಪುಣ್ಯಾತ್ಮರು ನಮ್ಮ ಮನೆಯ ಮುಖವಾಡ ಹಾಕಿಕೊಂಡು, ನಿಮ್ಮ ತಾಣದಲ್ಲಿ ಶಸ್ತ್ರಚಿಕಿತ್ಸೆಯ ದಿನಗಳನ್ನು ರಾಶಿ ರಾಶಿಯಾಗಿ ಬಾಚಲು ನೋಡಿದರಂತೆ. ನೀವು ತಡೆದಿರಿ. ಸಂತೋಷ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿರಲ್ಲ ಸ್ವಾಮಿ! ನೋಟಿಸನ್ನು ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು: “ನನ್ ಕಣ್ಣಿಗೆ ಕಾಣದೋರು ಯಾರೇ ನಮ್ಮನೇಲಿ ಇದ್ದಿದ್ದು?” ಅದಕ್ಕೆ ಉತ್ತರ ನಿಮ್ಮಲ್ಲಿ ಇದೆಯೇ?

ಗಿಳಿಯನ್ನು ಎಲ್ಲ ಕಡೆಯಿಂದ ಕಿತ್ತೆಸೆದೆವು, ಪಾಸ್‌ವರ್ಡುಗಳನ್ನು ಬದಲಿಸಿದೆವು. ಬುದ್ಧಿಯೂ ಬಂತು, ಕೆಟ್ಟ ಮೇಲೆ ಬರುವುದೇ ಅದರ ಅಭ್ಯಾಸ. ಈಗ ವಿಳಾಸ, ಫೋನು, ಕರಾರುಪತ್ರ ಎಲ್ಲ ಇರುವ ಕಂಪನಿಯ ಸೇವೆಯನ್ನು ದುಡ್ಡು ಕೊಟ್ಟು ಪಡೆಯುತ್ತೇವೆ. ಆ ಕಂಪನಿ ಕೊಡುವ ವಿಳಾಸಗಳು ಯಾರ ಮನೆಯವು, ಆ ಮನೆಯವರು ತಿಳಿದು ಒಪ್ಪಿದ್ದಾರೆಯೇ, ನಾವು ನೋಡಿದ್ದರ ದಾಖಲೆ ಎಷ್ಟು ಕಾಲ ಯಾರ ಬಳಿ ಇರುತ್ತದೆ ಎಂದು ಮೊದಲೇ ಕೇಳಿ ಬರೆಸಿಕೊಂಡೆವು. ಅದಕ್ಕೆಂದೇ ಒಂದು ಬೇರೆ ಕಂಪ್ಯೂಟರ್ ಇಟ್ಟಿದ್ದೇವೆ. ಅದರಲ್ಲಿ ಎಲ್ಲರೂ ನೋಡಬಹುದಾದ ದರಪಟ್ಟಿ ಬಿಟ್ಟು ಬೇರೇನೂ ತೆರೆಯುವುದಿಲ್ಲ. ಬ್ಯಾಂಕಿಲ್ಲ, ಪಾಸ್‌ವರ್ಡಿಲ್ಲ, ಅತ್ತೆಯ ಕಾಗದಪತ್ರವಂತೂ ಇಲ್ಲವೇ ಇಲ್ಲ. ನಿಮ್ಮ ಸುರಕ್ಷತಾ ಕೈಪಿಡಿಯಲ್ಲಿ ಇಷ್ಟು ಬರೆದಿದ್ದರೆ ಸಾಕಿತ್ತು. ಅಲ್ಲಿರುವುದು ‘ವಿಶ್ವಾಸಾರ್ಹ ಸೇವೆಯನ್ನೇ ಬಳಸಿ’ ಎಂಬ ಒಂದು ಸಾಲು. ಮೋಸಗಾರರ ಜೊತೆ ಸೇರಬೇಡ ಎಂದು ಹಿರಿಯರು ಹೇಳಿದ ಹಾಗೆ, ಮೋಸಗಾರ ಯಾರೆಂದು ಮಾತ್ರ ಹೇಳಲಿಲ್ಲ.

ದೂರು ಕೊಡೋಣವೆಂದರೆ ಮನೆಯಿಂದ ನಿಮ್ಮ ತಾಣ ತೆರೆಯುವುದಿಲ್ಲ. ಪಕ್ಕದ ಮನೆಯಿಂದ ತೆರೆದರೆ, ‘ನಿಮ್ಮ ಸ್ವಂತ ವಿಳಾಸದಿಂದಲೇ ವಿವರಣೆ ಸಲ್ಲಿಸಿ’ ಎನ್ನುತ್ತದೆ. ಕೊನೆಗೆ ಅತ್ತೆಯ ಕೈ ಹಿಡಿದುಕೊಂಡು ನಿಮ್ಮ ಕಚೇರಿಗೇ ಬಂದೆ. ಸಹಾಯ ಕೌಂಟರಿನ ನೌಕರರು ಒಳ್ಳೆಯವರೇ, ಅತ್ತೆಗೆ ತಮ್ಮ ಕುರ್ಚಿಯನ್ನೇ ಕೊಟ್ಟರು.

“ಅಮ್ಮಾ, ಇಲ್ಲಿ ಕಾಗದ ತಗೊಳಲ್ಲ, ಎಲ್ಲಾ ಆನ್‌ಲೈನೇ.”

“ಅದು ತೆರೀತಾನೇ ಇಲ್ವಲ್ಲ ಸರ್.”

“ಅಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀರಾ? ಒಂದು ಪ್ರಾಕ್ಸಿ ಹಾಕ್ಕೊಂಡು, ಇವರ ಹೆಸರಲ್ಲಿ ಹೊಸ ಖಾತೆ ಮಾಡಿಬಿಡಿ. ಇಲ್ಲಿ ಎಷ್ಟೋ ತಾಣ ಬ್ಲಾಕ್ ಮಾಡಿದಾರೆ, ನಾವೂ ಇದನ್ನೇ ಹಾಕ್ಕೊಂಡಿರೋದು. ಪುಕ್ಕಟೆ ಬೇರೆ.”

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೂಲೆಯಲ್ಲಿ ಹಸಿರು ಗಿಳಿ ಕೂತಿತ್ತು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಸ್ತಾಯಿತು. ಊರಿನ ರೋಗಿಗಳ ದಾಖಲೆಗಳು ಹಾದುಹೋಗುವ ಕಂಪ್ಯೂಟರ್ ಅದು. ಆ ನೌಕರರನ್ನು ದಂಡಿಸಬೇಡಿ, ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಆದರೆ ಅವರು ತೋರಿಸಿದ ದಾರಿಯಲ್ಲಿ ಅತ್ತೆಯ ಗುರುತಿನ ಚೀಟಿಯನ್ನೂ ಕಣ್ಣಿನ ವರದಿಯನ್ನೂ ಗುರುತಿಲ್ಲದ ದಲ್ಲಾಳಿಯ ಕೈಗೆ ಹಾಕಲು ನಾನು ಒಪ್ಪಲಿಲ್ಲ. “ಬಾ ಹೋಗೋಣ, ಇವರ ಕಣ್ಣಿಗೂ ಪೊರೆ ಬಂದಿದೆ” ಎಂದು ಅತ್ತೆಯೇ ಎದ್ದರು.

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲು ನಿಮ್ಮ ಕೌಂಟರಿನ ಗಿಳಿಯನ್ನು ಹಾರಿಸಿ. ವಿಳಾಸವನ್ನು ತಡೆಯುವಾಗ, ಆ ವಿಳಾಸದಲ್ಲಿರುವವರ ಮಾತು ಕೇಳಲು ಒಬ್ಬ ಮನುಷ್ಯನನ್ನು ಕೂರಿಸಿ, ಕಾಗದ ತೆಗೆದುಕೊಳ್ಳಲು ಹೇಳಿ. ನಮ್ಮತ್ತೆಯ ದಿನವನ್ನು ಅವರಿಗೆ ಕೊಡಿ. ಇಲ್ಲವೇ, ನಿಮ್ಮದೇ ನಿಯಮದಂತೆ ನಿಮ್ಮ ಕಚೇರಿಯ ವಿಳಾಸವನ್ನೂ ತಡೆಹಿಡಿಯಿರಿ.

ಇದರ ಒಂದು ಪ್ರತಿಯನ್ನು ಅಂಚೆಯಲ್ಲೂ ಕಳಿಸಿದ್ದೇನೆ. ಲಕೋಟೆಯೊಳಗೆ ಎರಡು ಗುಂಡಿಗಳಿವೆ. ಸಾಹೇಬರ ಕೋಟಿಗೆ ಆಗುತ್ತೆ, ಎರಡೂ ಒಂದೇ ಕಪ್ಪು ಎಂದು ಅತ್ತೆ ತಾವೇ ಆರಿಸಿ ಹಾಕಿದ್ದಾರೆ. ಈ ಸಲ ನಾನು ಬದಲಾಯಿಸಲಿಲ್ಲ. ಕಿಟಕಿಯ ಹತ್ತಿರ ಹಿಡಿದು ನೋಡಿ, ಒಂದು ಕಡುನೀಲಿ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಇನ್ನೂ ಸಂಶಯಾಸ್ಪದಳಾಗಿರುವ,
ಗುಂಡಿ ಅಂಗಡಿಯ ಸೊಸೆ