ಇಲ್ಲದ ಬೆನ್ನುನೋವು

ಅತ್ತೆಯವರಿಗೆ,

ನಿಮ್ಮ ಮಗ ಮಾತ್ರೆ ತಪ್ಪಿಸ್ತಿಲ್ಲ, ಮತ್ತೆ ಉಳಿ ಹಿಡಿದಿದ್ದಾರೆ. ಅವರು ಖಿನ್ನತೆಯಿಂದ ಹಾಸಿಗೆ ಹಿಡಿದಾಗ ನೀವು ನೆಂಟರಿಗೆಲ್ಲ ಬೆನ್ನುನೋವು ಅಂದುಬಿಟ್ಟಿರಿ. ಈಗ ಬಂದವರೆಲ್ಲ ಎಣ್ಣೆ ತರ್ತಾರೆ. ಚಿಕ್ಕಪ್ಪನಂತೂ ‘ಪಾಪ, ಬಡಗಿಗೆ ಬೆನ್ನೇ ಹೋದರೆ ಹೇಗೆ’ ಅಂತ ತಮ್ಮ ಮನೆ ಬಾಗಿಲಿನ ಕೆಲಸ ಬೇರೆಯವರಿಗೆ ಕೊಟ್ಟರು.

ನಿಮ್ಮ ಮಗನಿಗಿರೋದು ಬೈಪೋಲಾರ್. ಮನಸ್ಸನ್ನ ಒಮ್ಮೆ ಅಟ್ಟಕ್ಕೇರಿಸುತ್ತೆ, ಒಮ್ಮೆ ನೆಲಕ್ಕೆ ಕೆಡವುತ್ತೆ. ಅದನ್ನ ಸಂಭಾಳಿಸೋದರಲ್ಲೇ ನಮ್ಮಿಬ್ಬರಿಗೂ ಸಾಕುಸಾಕಾಗುತ್ತೆ. ಇಲ್ಲದ ಕಾಯಿಲೆ ನಟಿಸೋಕೆ ಪುರುಸೊತ್ತಿಲ್ಲ.

ಭಾನುವಾರ ನಾದಿನಿ ಮನೆ ಊಟಕ್ಕೆ ಬರ್ತೀವಿ. ಅವಳಿಗೆ ಅಂತ ಮಾಡಿದ ಮೇಜನ್ನ ನಿಮ್ಮ ಮಗನೇ ಹೊತ್ತು ತರ್ತಾರೆ. ಯಾರಾದರೂ ಕೇಳಿದರೆ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀವಿ. ನಿಮಗೆ ಮುಜುಗರ ಆಗೋ ಹಾಗಿದ್ದರೆ, ಆವತ್ತು ನೀವೇ ಬೆನ್ನುನೋವು ಅಂತ ಒಳಗೆ ಮಲಗಿರಿ. ಎಣ್ಣೆ ನಾನು ತರ್ತೀನಿ, ಮನೇಲಿ ಬೇಕಾದಷ್ಟಿದೆ.

ನಿಮ್ಮ ಸೊಸೆ