ಓಡೆಸ್ಸಾಗೆ ಹೇಳದ ವಿಳಾಸ

ಮಾರ್ಚ್ 11, ಮಂಗಳವಾರ

ಬಾಡಿಗೆ ಮನೆಗಾಗಿ ಇವತ್ತೂ ಒಂಬತ್ತು ಫೋನ್. ಎಂಟು ಕಡೆ ವೋಚರ್ ಎಂದ ಕೂಡಲೇ ದನಿ ಬದಲಾಯಿತು. ಅವರಲ್ಲಿ ಒಬ್ಬಾಕೆ ಮಾತ್ರ ನಯವಾಗಿ, "ಅಯ್ಯೋ, ಈಗಷ್ಟೇ ಹೋಯ್ತು ಮೇಡಂ" ಎಂದಳು. ಒಂಬತ್ತನೆಯವರು ಎತ್ತಲಿಲ್ಲ.

ಆರು ವರ್ಷ ಕಾದು ಸಿಕ್ಕ ಕಾಗದ, ಈ ವೋಚರ್. ಬಾಡಿಗೆಯಲ್ಲಿ ನನ್ನ ಪಾಲು ಕಳೆದು ಉಳಿದದ್ದನ್ನು ಸರ್ಕಾರ ಕೊಡುತ್ತದೆ. ಏಪ್ರಿಲ್ 30ರೊಳಗೆ ಒಪ್ಪುವ ಮನೆ ಮಾಲೀಕರು ಸಿಗದಿದ್ದರೆ ರದ್ದು. ಮತ್ತೆ ಸಾಲಿನ ಕೊನೆಗೆ.

ಪಕ್ಕದ ಮಂಚದ ಓಡೆಸ್ಸಾಳ ವೋಚರ್ ಇನ್ನೂ ಬೇಗ ಮುಗಿಯುತ್ತದೆ. ಏಪ್ರಿಲ್ 7. ಒಮ್ಮೆ ಗಡುವು ಮುಂದೂಡಿ ಆಗಿದೆ.

"ಲವರ್ನ್, ನಿನಗೆ ಫೋನಲ್ಲಿ ಮಾತಾಡೋಕೇ ಬರಲ್ಲ ಕಣೇ. ಮೊದಲು ಹಿಮದ ಮಾತಾಡು. ಆಮೇಲೆ ಚರ್ಚಿನ ಮಾತು. ವೋಚರ್ ಕೊನೇಗೆ."

"ಹಾಗೆಲ್ಲ ಮಾತಾಡಿ ನಿನಗೆ ಎಷ್ಟು ಮನೆ ಸಿಕ್ತು?"

ಬಿದ್ದು ಬಿದ್ದು ನಕ್ಕಳು. ಮನೆಯಿಲ್ಲದವರ ಈ ಶೆಲ್ಟರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವಳು ಇವಳೊಬ್ಬಳೇ. ಉಳಿದವರಿಗೆ ನಾನು ಹದಿನಾಲ್ಕನೇ ಮಂಚ.

ಮಾರ್ಚ್ 19

ಒಂದು ಮನೆ ಕೇಳಲು ಎರಡು ಬಸ್ ಬದಲಿಸಿ ಹೋದೆ. ಮೊಣಕಾಲು ಊದಿದೆ — ಆಸ್ಪತ್ರೆ ಲಾಂಡ್ರಿಯ ಇಪ್ಪತ್ತೆರಡು ವರ್ಷದ ಬಳುವಳಿ. ಮ್ಯಾನೇಜರ್ ಒಳಗೂ ಕರೆಯಲಿಲ್ಲ. "ನಿಮ್ಮಂಥವರ ಮೇಲೆ ನಂದೇನೂ ಇಲ್ಲ. ಓನರ್ ಒಪ್ಪಲ್ಲ, ಅಷ್ಟೇ."

ನಿಮ್ಮಂಥವರು ಅಂದರೆ ಎಂಥವರು? ಕೇಳಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ಬಾಯಿಗೆ ಬಂತು.

ಮಾರ್ಚ್ 27, ಸಂಜೆ 6

ಬಟ್ಟೆ ಒಗೆಯುವ ಅಂಗಡಿಯ ಗೋಡೆಯಲ್ಲಿ ಕೈಬರಹದ ಚೀಟಿ. "ಮಹಡಿ ಮನೆ ಬಾಡಿಗೆಗೆ. ಒಂದು ಬೆಡ್‌ರೂಂ. ಗಲಾಟೆಯವರು ಬೇಡ." ಕೆಳಗೆ ವಿಳಾಸ, ಪರೇಡ್ ಸ್ಟ್ರೀಟ್. ಬರೆದುಕೊಂಡಿದ್ದರೆ ಸಾಕಿತ್ತು. ಆಚೀಚೆ ನೋಡಿ ಚೀಟಿಯನ್ನೇ ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡೆ.

ನೇರ ಅಲ್ಲಿಗೇ ಹೋದೆ. ಮನೆ ಮಾಲೀಕರ ಹೆಸರು ಜರೆಂಬಾ. ಎಂಬತ್ತು ದಾಟಿದ ಮುದುಕ. ಕೆಳಗೆ ಒಬ್ಬರೇ ಇದ್ದಾರೆ. ವೋಚರಿಗೆ ಮೊದಲು ಮನೆಯ ತಪಾಸಣೆ ಆಗಬೇಕು ಎಂದ ಕೂಡಲೇ ಕೆರಳಿದರು.

"ಸರ್ಕಾರದವರು ಬಂದು ನನ್ನ ಮನೆ ನೋಡೋದಾ? ವೈರಿಂಗೆಲ್ಲ ನಾನೇ ನನ್ನ ಕೈಯಾರೆ ಮಾಡಿದ್ದು!"

"ಅದಕ್ಕೇ ಸಾರ್, ಯಾರಾದ್ರೂ ನೋಡ್ಲಿ ಅಂತೀನಿ."

ನನ್ನನ್ನೇ ದಿಟ್ಟಿಸಿದರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. ವೋಚರ್ ಆಫೀಸಿನ ಅರ್ಜಿಗೆ ಸಹಿ ಹಾಕಿದರು.

ಶೆಲ್ಟರಿಗೆ ಬಂದೆ. ಕೋಟು ಮಂಚದ ಮೇಲೆ ಎಸೆದೆ. ಓಡೆಸ್ಸಾ ಕೇಳಿದಳು: "ಏನಾದ್ರೂ ಸಿಕ್ತಾ?"

"ಇಲ್ಲ."

"ಇರಲಿ ಬಿಡು. ನಾಳೆ ನೋಡೋಣ." ಇಬ್ಬರಿಗೂ ಸೇರಿಸಿ ಹೇಳಿದಳು.

ಏಪ್ರಿಲ್ 3

ತಪಾಸಣೆ ಫೇಲ್. ಬಣ್ಣ ಬಳಿದು ಬಳಿದು ಕಿಟಕಿ ತೆರೆಯುವುದಿಲ್ಲ. ಜರೆಂಬಾ ಬೈಯುತ್ತಲೇ ಉಳಿ ತಂದು ಕೆರೆದರು. ತಪಾಸಣೆಯವರು ಹದಿನಾಲ್ಕಕ್ಕೆ ಮತ್ತೆ ಬರುತ್ತಾರೆ.

ಆಫೀಸಿನಲ್ಲಿ ಹೇಳಿದರು — ಅರ್ಜಿ ಒಳಗೆ ಬಂದ ದಿನವೇ ನಿಮ್ಮ ಗಡುವಿನ ಎಣಿಕೆ ನಿಂತಿತು, ಹೆದರಬೇಡಿ. ಅಂದರೆ ಆವತ್ತು ಚೀಟಿಯ ವಿಷಯ ಓಡೆಸ್ಸಾಗೆ ಹೇಳಿದ್ದರೆ, ಅವಳೇ ಅರ್ಜಿ ಹಾಕಿ ಅವಳ ಗಡುವು ನಿಲ್ಲುತ್ತಿತ್ತು. ನನಗೆ ಇನ್ನೂ ಒಂದು ತಿಂಗಳಿತ್ತು.

ಹೇಳಿದ್ದರೂ ಆ ಮುದುಕ ಅವಳನ್ನು ಒಪ್ಪುತ್ತಿರಲಿಲ್ಲ ಎಂದು ಬರೆಯಹೊರಟೆ. ಸುಳ್ಳು. ಅವಳಾಗಿದ್ದರೆ ಒಳಗೆ ಕರೆದು ಕಾಫಿ ಕೊಡುತ್ತಿದ್ದರು.

ಏಪ್ರಿಲ್ 8

ಓಡೆಸ್ಸಾಳ ಗಡುವು ನಿನ್ನೆಗೆ ಮುಗಿಯಿತು. ಪಕ್ಕದ ಮಂಚ ಖಾಲಿ. ಹೊದಿಕೆ ಮಡಿಸಿಟ್ಟಿದೆ. ಸೊಸೆಯ ಮನೆಗೆ ಹೋದಳಂತೆ, ಸೋಫಾದಲ್ಲಿ ಮಲಗಲು. ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಟಳು.

ಮೇ 9

ಎರಡನೇ ತಪಾಸಣೆ ಪಾಸಾಗಿ, ಜರೆಂಬಾ ಅವರ ಮಹಡಿ ಮನೆಗೆ ಬಂದು ಎಂಟು ದಿನ. ಬೀಗ ನನ್ನದು. ಮೊದಲ ದಿನ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕಿಟಕಿಯಿಂದ ಸರೋವರದ ಗಾಳಿ. ಒಂದು ಕುರ್ಚಿ. ಫ್ರಿಜ್ಜಿನ ಗುಂಯ್ ಸದ್ದು ಇಷ್ಟು ಜೋರಾಗಿರುತ್ತದೆಂದು ಗೊತ್ತಿರಲಿಲ್ಲ.

ಜರೆಂಬಾ ಮೇಡಂ ಎನ್ನುತ್ತಾರೆ. ಓಡೆಸ್ಸಾ ಹೋದ ಮೇಲೆ ಯಾರೂ ಲವರ್ನ್ ಎಂದಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ನಾನೇ ನನ್ನ ಹೆಸರು ಕರೆದುಕೊಂಡೆ. ನಾಚಿಕೆಯಾಯಿತು.

ಮೇ 14

ಬಸ್ಸಿನಲ್ಲಿ ಓಡೆಸ್ಸಾ. ಇಳಿದುಬಿಡೋಣ ಎನಿಸಿತು. ಹೋಗಿ ಪಕ್ಕ ಕೂತೆ.

"ಮನೆ ಸಿಕ್ತಂತೆ."

"ಗೋಡೇಲಿ ಚೀಟಿ ಇತ್ತು. ನಾನು ಕಿತ್ತು ಬಚ್ಚಿಟ್ಟೆ. ನಿನಗೆ ಇನ್ನೂ ಹನ್ನೊಂದು ದಿನ ಇತ್ತು, ಓಡೆಸ್ಸಾ."

ಅವಳು ಹೊರಗೆ ನೋಡುತ್ತಿದ್ದಳು.

"ಆ ಚೀಟಿ ಆವತ್ತೇ ಕೋಟಿಂದ ಕೆಳಗೆ ಬಿದ್ದಿತ್ತು ಕಣೇ. ನಾನೇ ವಾಪಸ್ ಜೇಬಿಗಿಟ್ಟೆ."

"ಓದಿದ್ಯಾ?... ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ."

ಅವಳ ಸ್ಟಾಪ್ ಬಂತು. ಎದ್ದಳು. "ಭಾನುವಾರ ಊಟಕ್ಕೆ ಬಾ, ಒಂದು ಗಂಟೆಗೆ" ಎಂದು ಹಿಂದಿನಿಂದ ಕೂಗಿದೆ. "ಮನೆ ಪರೇಡ್..."

"ಗೊತ್ತು" ಎಂದಳು. ಬರುತ್ತೇನೆ ಎನ್ನಲಿಲ್ಲ.

ಮೇ 18, ಭಾನುವಾರ

12.30. ಕೋಳಿ ಆಯಿತು. ಸೊಪ್ಪು ಬೇಯುತ್ತಿದೆ. ಜೋಳದ ಬ್ರೆಡ್ ಒಂದು ಬದಿ ಸೀದಿದೆ, ಅದು ನನಗೆ. ಕೆಳಗಿನಿಂದ ಇನ್ನೊಂದು ಕುರ್ಚಿ ಕೇಳಿ ತಂದೆ.

1.25. ಭಾನುವಾರ ಬಸ್ಸು ಕಡಿಮೆ.

2.10. ಕೋಳಿ ತಣ್ಣಗಾಯಿತು. ಬಿಸಿ ಮಾಡಿದೆ. ಬರದಿದ್ದರೆ ಅವಳ ತಪ್ಪೇನಿಲ್ಲ. ನಾನಾಗಿದ್ದರೆ ಹೋಗುತ್ತಿದ್ದೆನೇ?

2.45. ಕೆಳಗಿನ ಬಾಗಿಲ ಸದ್ದು. ಜರೆಂಬಾ ಏನೋ ಹೇಳುತ್ತಿದ್ದಾರೆ. ಮೆಟ್ಟಿಲ ಮೇಲೆ ಹೆಜ್ಜೆ, ನಿಧಾನ. ಜರೆಂಬಾ ದನಿ ಇನ್ನೂ ಕೆಳಗೇ ಇದೆ. ಹಾಗಾದರೆ ಇದು ಓಡೆಸ್ —