ಡಾಕ್ಟರ ಮುಂದೆ ನಿಜ ಹೇಳಬೇಕೋ ಬೇಡವೋ?

ಮಾನ್ಯರೇ,

ಆರೋಗ್ಯ ವಿಮೆಯ ಕಂಪನಿಗಳು ನ್ಯಾಯವಾಗಿ ನಡೆದುಕೊಳ್ಳುತ್ತವೆಯೇ ಎಂದು ನೋಡಲು ಸರಕಾರ ತಮ್ಮನ್ನು ನೇಮಿಸಿದೆ. ತಮ್ಮ ಹೆಸರು ನನಗೆ ಗೊತ್ತಿಲ್ಲ, ಹುದ್ದೆ ಗೊತ್ತು. ನನ್ನ ದೂರು ಇಷ್ಟು: ನನ್ನ ಲಾಂಡ್ರಿಯಲ್ಲಿ ದುಡಿಯುವವರಿಗೆ ನಾನು ವಿಮೆ ಮಾಡಿಸಿದೆ, ಅಂದಿನಿಂದ ಅವರು ತಮ್ಮ ಕಾಯಿಲೆಗಳನ್ನು ಮುಚ್ಚಿಡತೊಡಗಿದ್ದಾರೆ. ವಿಮೆ ಇಲ್ಲದಿದ್ದಾಗ ಮೈ ಬಿಸಿಯಾದರೂ ಬಂದು ಹೇಳುತ್ತಿದ್ದರು. ಈಗ ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ಹಿಂಬಾಗಿಲಿಗೆ ಓಡುತ್ತಾರೆ. ಇದನ್ನು ನೋಡಿ ನೋಡಿ ನನಗೆ ಹೆದರಿಕೆ ಹತ್ತಿದೆ. ಬರೀ ಸಿಟ್ಟಾಗಿದ್ದರೆ ಮರಾಠಿಯಲ್ಲೇ ಬರೆಯುತ್ತಿದ್ದೆ. ಪುಣೆಗೆ ಬಂದು ಇಷ್ಟು ವರ್ಷವಾದರೂ ಹೆದರಿಕೆ ಮಾತ್ರ ನನಗೆ ಕನ್ನಡದಲ್ಲೇ ಬರುತ್ತದೆ. ತಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಯಾರಾದರೂ ಇದ್ದೇ ಇರುತ್ತಾರೆ. ಇಲ್ಲದಿದ್ದರೂ ಚಿಂತೆಯಿಲ್ಲ. ತಿಳಿಯದ ಭಾಷೆಯ ಕಾಗದವೊಂದು ಕೈಗೆ ಬಂದು ಕೂತರೆ ಹೇಗಿರುತ್ತದೆ ಎಂಬುದಾದರೂ ತಮಗೆ ಒಮ್ಮೆ ತಿಳಿದೀತು.

ನಾವು ಬಾಗಲಕೋಟೆ ಕಡೆಯವರು. ವಿಮಾನ ನಗರದ ಹಿಂದಿನ ಓಣಿಯಲ್ಲಿ ನನ್ನದೊಂದು ಲಾಂಡ್ರಿ ಇದೆ. ಸುತ್ತಲಿನ ಸಣ್ಣ ಹೋಟೆಲು, ಗೆಸ್ಟ್‌ಹೌಸುಗಳ ಚಾದರ, ಟವೆಲ್ಲುಗಳನ್ನು ಒಗೆದು, ಇಸ್ತ್ರಿ ಮಾಡಿ, ಟೆಂಪೋದಲ್ಲಿ ಕಳಿಸುತ್ತೇವೆ. ಕೆಲಸಗಾರರು ಬಹುತೇಕ ಯಾದಗಿರಿ, ಕಲಬುರ್ಗಿ ಕಡೆಯವರು. ಇದೇ ಬಡಾವಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಕಟ್ಟಡಗಳು ಮುಗಿದ ಮೇಲೆ ಅವುಗಳೊಳಗಿನ ಹಾಸಿಗೆ ಬಟ್ಟೆ ಒಗೆಯಲು ನನ್ನ ಹತ್ತಿರ ಬಂದರು. ತಲೆಯೆಣಿಕೆ ಸಾಲದೆಂದು ಸರಕಾರದ ಕಾರ್ಮಿಕ ವಿಮೆ ನಮಗೆ ಅನ್ವಯಿಸುವುದಿಲ್ಲ. ಸಣ್ಣ ಅಂಗಡಿಯ ಆಳುಗಳಿಗೆ ದೊಡ್ಡ ರೋಗ ಬರುವುದಿಲ್ಲವೆಂದು ಕಾನೂನು ಮಾಡಿದವರು ತಿಳಿದಿರಬೇಕು. ಹಾಗಾಗಿ ಖಾಸಗಿ ವಿಮೆಯನ್ನೇ ಮಾಡಿಸೋಣವೆಂದು ಹೊರಟೆ.

ರಾಮಲಿಂಗಪ್ಪ ಎಂಬ ಏಜೆಂಟರು ಬಂದರು. ಸೋಲಾಪುರದವರು, ಮನೆಮಾತು ಕನ್ನಡ. ಮೂರು ಕಂಪನಿಗಳ ಪುಸ್ತಿಕೆಗಳನ್ನು ಮೇಜಿನ ಮೇಲೆ ಹರವಿದರು. ಮೂರರ ಮುಖಪುಟದಲ್ಲೂ ನಗುತ್ತಿರುವ ಕುಟುಂಬ. ಒಳಗೆ ಇಂಗ್ಲಿಷು, ಅದೂ ಸಾಸಿವೆ ಕಾಳಿನಷ್ಟು ಅಕ್ಷರ.

"ಇದರಾಗ ಯಾವುದು ಛಲೋ?" ಎಂದು ಕೇಳಿದೆ.

"ಮೂರೂ ಛಲೋನ ಅದಾವ್ರಿ ವೈನಿ."

"ಹಂಗಂದ್ರ ನಾ ಹೆಂಗ ಆರಿಸಲಿ?"

"ದೇವರ ಹೆಸರು ತಗೊಂಡು ಒಂದರ ಮ್ಯಾಲ ಕೈ ಇಡ್ರಿ" ಎಂದು ನಕ್ಕರು. ನಾನೂ ನಕ್ಕು ಒಂದರ ಮೇಲೆ ಕೈ ಇಟ್ಟೆ. ಮಾನ್ಯರೇ, ಒಂದು ಮಿಕ್ಸರ್ ಕೊಳ್ಳಲು ಹೋದರೆ ಲಕ್ಷ್ಮೀ ರಸ್ತೆಯ ಅಂಗಡಿಯವನು ಹತ್ತು ಮಾಡೆಲ್ಲು ತಿರುಗಿಸಿ ತೋರಿಸುತ್ತಾನೆ, ಯಾವುದು ಬೇಗ ಕೆಡುತ್ತದೆಂಬುದನ್ನೂ ಹೇಳುತ್ತಾನೆ. ಮನುಷ್ಯರ ಜೀವ ಕಾಯುವ ವಿಮೆಯನ್ನು ಮಾತ್ರ ಕಣ್ಣು ಮುಚ್ಚಿ ಕೊಳ್ಳಬೇಕೆಂಬುದು ಯಾವ ನಿಯಮ?

ಬಾಯ್ಲರ್ ನೋಡಿಕೊಳ್ಳುವ ಅವ್ವಣ್ಣ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತುಬಿಟ್ಟ. ಬೆವರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಟೆಂಪೋದಲ್ಲಿ ಚಾದರದ ಗಂಟುಗಳ ಮೇಲೆಯೇ ಮಲಗಿಸಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ದೆವು. ವಿಮೆಯ ಕಾರ್ಡು ತೋರಿಸಿದಾಗ ಕೌಂಟರಿನ ಹುಡುಗಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ನೀರು ಕೊಟ್ಟಳು. ಅಷ್ಟು ಮರ್ಯಾದೆ ನನಗೆ ಯಾವ ಆಸ್ಪತ್ರೆಯಲ್ಲೂ ಸಿಕ್ಕಿರಲಿಲ್ಲ. ಒಳಗೆ ಎಳೆಯ ವಯಸ್ಸಿನ ಡಾಕ್ಟರು ಅವ್ವಣ್ಣನಿಗೆ ಹಿಂದಿಯಲ್ಲಿ ಕೇಳಿದರು: ಮೊದಲು ಯಾವುದಾದರೂ ತ್ರಾಸು ಇತ್ತೇ?

ಅವ್ವಣ್ಣ ಆ ಸಂಕಟದಲ್ಲೂ ಕೈ ಮುಗಿದು ಹೇಳಿದ. ಊರಲ್ಲಿ ಒಮ್ಮೆ ತಲೆ ತಿರುಗಿತ್ತು, ಅಲ್ಲಿನ ಡಾಕ್ಟರು ಬಿಪಿ ಅಂದಿದ್ದರು, ಕೆಲವು ದಿನ ಗುಳಿಗೆ ನುಂಗಿದ್ದೆ. ಇಷ್ಟನ್ನೇ. ನಾನೇ ಪಕ್ಕದಲ್ಲಿ ನಿಂತು ಅವನ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಡಾಕ್ಟರು ಬರೆದುಕೊಂಡರು. ಮರುದಿನ ವಿಮೆಯವರಿಂದ ಫ್ಯಾಕ್ಸ್ ಬಂತು: ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆ, ಖರ್ಚು ಕೊಡಲಾಗುವುದಿಲ್ಲ. ನೀರು ಕೊಟ್ಟ ಹುಡುಗಿ ಈಗ ನನ್ನ ಮುಖ ನೋಡದೆ, ಪೇಷಂಟನ್ನು ಇಡುತ್ತೀರೋ ಒಯ್ಯುತ್ತೀರೋ ಎಂದು ಕೇಳಿದಳು. ಇಡುವ ಶಕ್ತಿ ನಮಗಿರಲಿಲ್ಲ. ಅವನ ಮೂಗಿನ ಆಕ್ಸಿಜನ್ ನಳಿಗೆ ತೆಗೆಸಿಕೊಂಡು ಸರಕಾರಿ ದವಾಖಾನೆಗೆ ಹೊರಟೆವು. ಯೆರವಡಾ ದಾಟುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆವು. ಅವ್ವಣ್ಣನ ತುಟಿ ನೀಲಿಗಟ್ಟಿತ್ತು. ಅವನ ಹೆಂಡತಿ ಶರಣಮ್ಮ, ಅವಳೂ ನಮ್ಮಲ್ಲೇ ಇಸ್ತ್ರಿ ಮಾಡುವವಳು, ಗಂಡನ ಅಂಗಾಲು ತಿಕ್ಕುತ್ತಿದ್ದಳು.

ಅವ್ವಣ್ಣ ಬದುಕಿದ. ಸರಕಾರಿ ದವಾಖಾನೆಯ ಡಾಕ್ಟರುಗಳಿಗೆ ನಾನು ಎಷ್ಟು ಕೈ ಮುಗಿದರೂ ಕಡಿಮೆ. ಚೇತರಿಸಿಕೊಂಡು ಕೆಲಸಕ್ಕೆ ಬಂದ ದಿನ ಎಲ್ಲರೂ ಸುತ್ತ ನೆರೆದಿದ್ದರು. ಅವನು ನನ್ನನ್ನು ಕೇಳಿದ: "ಅಕ್ಕಾರ, ನಾ ಅವತ್ತ ಡಾಕ್ಟರ ಮುಂದ ಸುಳ್ಳ ಹೇಳಬೇಕಿತ್ತೇನ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಸಲಕ್ಕೆ ತಿಳಿದಿರಲಿ ಎಂಬಂತೆ ಕೇಳಿದ. ನಾನು ಉತ್ತರ ಕೊಡಲಿಲ್ಲ. ಉಳಿದವರೆಲ್ಲ ಆ ಮೌನದಿಂದಲೇ ಉತ್ತರ ತೆಗೆದುಕೊಂಡರು.

ಅದರ ಪರಿಣಾಮ ಚಂದಮ್ಮನ ಕಾಲಲ್ಲಿ ಕಂಡಿತು. ಚಂದಮ್ಮ ತೊಳೆಯುವ ವಿಭಾಗದವಳು. ನಿತ್ಯ ಒದ್ದೆ ನೆಲದ ಮೇಲೆ ಓಡಾಟ. ಬಿಸಿನೀರು ಸಿಡಿದು ಅವಳ ಹೆಬ್ಬೆರಳ ಹತ್ತಿರ ಬೊಬ್ಬೆ ಎದ್ದಿತ್ತಂತೆ. ಅವಳು ಅದಕ್ಕೆ ಅರಿಶಿನ ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ಗಂಬೂಟು ಹಾಕಿಕೊಂಡಳು. ಕುಂಟುತ್ತಿದ್ದುದನ್ನು ಕಂಡು ಏನಾಯಿತೆಂದು ಕೇಳಿದರೆ, "ಏನಿಲ್ಲ ಬಿಡ್ರಿ, ಬೂಟ ಬಿಗಿ ಆಗ್ಯದ" ಎಂದಳು. ಒಂದು ಬೆಳಿಗ್ಗೆ ಮೈಯೆಲ್ಲ ಜ್ವರದಿಂದ ಸುಡುತ್ತ ಮಷಿನ್ನಿನ ಪಕ್ಕದಲ್ಲೇ ಬಿದ್ದಳು. ನಾನೇ ಬೂಟು ಎಳೆದೆ. ವಾಸನೆಗೆ ಹಿಂದೆ ಸರಿದು ನಿಂತೆ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಅವಳಿಗೆ ಅದು ಗೊತ್ತಿತ್ತು. ಯಾಕೆ ಹೇಳಲಿಲ್ಲವೆಂದು ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಕೇಳಿದೆ.

"ಹೇಳಿದ್ರ ಬರಕೋತಾರ್ರಿ ಅಕ್ಕಾರ. ಬರಕೊಂಡ್ರ ವಿಮಾ ಕೊಡೋದಿಲ್ಲ. ನನ್ನ ಸಲುವಾಗಿ ಎಲ್ಲಾರ ವಿಮಾ ಹೋದ್ರ ನೀವು ನನ್ನ ಇಟ್ಕೋತೀರೇನ್ರಿ?"

ಆ ಪಾದದ ಮುಂದಿನ ಅರ್ಧ ಕತ್ತರಿಸಿ ತೆಗೆದರು. ಮೊದಲೇ ಬಂದಿದ್ದರೆ ಮುಲಾಮು ಹಚ್ಚಿ ವಾಸಿಮಾಡುವ ಗಾಯವಿತ್ತೆಂದು ಡಾಕ್ಟರು ಹೇಳಿದರು. ಈಗ ಚಂದಮ್ಮ ಕೂತಲ್ಲೇ ಟವೆಲ್ಲು ಮಡಚುತ್ತಾಳೆ.

ಈ ತಿಂಗಳು ಪಾಲಿಸಿ ನವೀಕರಿಸಬೇಕು. ರಾಮಲಿಂಗಪ್ಪ ಮತ್ತೆ ಬಂದರು. ಈ ಸಲ ನಗಲಿಲ್ಲ. ದನಿ ತಗ್ಗಿಸಿ, "ವೈನಿ, ಕಂಪನಿಯವರು ನಿಮ್ಮ ಮಂದಿಗೆ ರೋಗ ಭಾಳ ಅದಾವ ಅಂತಾರ್ರಿ. ಅವ್ವಣ್ಣ, ಚಂದಮ್ಮ ಇಬ್ಬರ ಹೆಸರು ಕೆಲಸದಿಂದನ ತೆಗದು ತೋರಿಸ್ರಿ. ಉಳಿದವರಿಗೆ ಭಾಳ ಛಲೋ ಪಾಲಿಸಿ ಕೊಡಸ್ತೀನಿ" ಎಂದರು.

"ಹುಷಾರಿಲ್ಲದವರನ್ನ ತಗದ ಮ್ಯಾಲ ವಿಮಾ ಯಾರಿಗ್ರಿ?"

ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತರು. ಕೊನೆಗೆ, "ನಾ ಹೇಳಬಾರದಿತ್ತು, ತಪ್ಪು ತಿಳಕೋಬ್ಯಾಡ್ರಿ" ಎಂದು ಎದ್ದು ಹೋದರು. ಅವರೂ ಹೆದರಿದ್ದಾರೆ, ಮಾನ್ಯರೇ. ಹೆದರದೆ ಇರುವವರು ಈ ವ್ಯವಹಾರದಲ್ಲಿ ಎಲ್ಲಿ ಕೂರುತ್ತಾರೆ ಎಂಬುದು ನನಗೆ ಗೊತ್ತಿಲ್ಲ, ತಮಗೆ ಗೊತ್ತಿರಬಹುದು. ಇಬ್ಬರನ್ನೂ ತೆಗೆಯುವುದಿಲ್ಲವೆಂದು ಅವತ್ತೇ ಫೋನು ಮಾಡಿ ಹೇಳಿದೆ. ಹಾಗಾದರೆ ಬೇರೆ ಕಂಪನಿ ನೋಡಿ ಎಂದು ಮತ್ತೆ ಒಂದಷ್ಟು ಪುಸ್ತಿಕೆ ಕಳಿಸಿದ್ದಾರೆ. ಮುಖಪುಟದಲ್ಲಿ ಅದೇ ನಗು. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರೆ ಸಂಗೀತ ಕೇಳಿಸುತ್ತದೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರವನ್ನು ಬರೆಯುತ್ತಿರಲಿಲ್ಲವೇನೋ. ಸ್ವಲ್ಪ ದಿನದ ಹಿಂದೆ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಹುಣಸೆ ಬೀಜದಷ್ಟು ಒಂದು ಗಂಟು ಕೈಗೆ ಹತ್ತಿತು. ಹೊಸ ಪಾಲಿಸಿಯಲ್ಲಿ ನನ್ನ ಹೆಸರೂ ಸೇರುತ್ತದೆ. ನನಗೆ ಬಂದ ಮೊದಲ ವಿಚಾರ ಯಾವುದು ಗೊತ್ತೇ? ಡಾಕ್ಟರ ಹತ್ತಿರ ಓಡಬೇಕು ಎಂಬುದು ಬರಲಿಲ್ಲ. ಈಗಲೇ ತೋರಿಸಿದರೆ ಬರೆದುಕೊಳ್ಳುತ್ತಾರೆ, ಪಾಲಿಸಿ ಆಗಲಿ, ಆಮೇಲೆ ಒಂದಷ್ಟು ತಿಂಗಳು ತಡೆದು ತೋರಿಸೋಣ ಎಂದುಕೊಂಡೆ. ಯಜಮಾನರಿಗೂ ಹೇಳಲಿಲ್ಲ. ಒದ್ದೆ ಸೀರೆಯಲ್ಲೇ ನಿಂತಿದ್ದಾಗ, ನಾನು ಏನು ಯೋಚಿಸುತ್ತಿದ್ದೇನೆ ಎಂದು ನನಗೇ ತಿಳಿಯಿತು. ಓದಿದವಳು, ಅಂಗಡಿಯ ಯಜಮಾನತಿ, ನನ್ನ ಗತಿಯೇ ಇದಾದರೆ?

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ. ನಮ್ಮಂಥ ಸಣ್ಣ ಅಂಗಡಿಯವರು ಹೋಗಿ ಕೂತು, ಯಾವ ವಿಮೆ ಯಾರನ್ನು ಕೈಬಿಡುತ್ತದೆ ಎಂದು ನಮ್ಮ ಭಾಷೆಯಲ್ಲಿ ಕೇಳಿ ತಿಳಿದುಕೊಳ್ಳುವ ಒಂದು ಜಾಗವನ್ನು ಪ್ರತಿ ಊರಲ್ಲಿ ಮಾಡಿಸಿ. ಅಲ್ಲಿ ಕೂರುವವರ ಸಂಬಳ ಕಂಪನಿಗಳ ಕಮಿಷನ್ನಿನಿಂದ ಬರಬಾರದು. ರೋಗಿ ಡಾಕ್ಟರಿಗೆ ಹೇಳಿದ ನಿಜವನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸುವುದನ್ನು ನಿಲ್ಲಿಸಿ. ಹುಷಾರಿಲ್ಲದವರನ್ನು ಕೆಲಸದಿಂದ ತೆಗೆಯಲು ಹೇಳುವ ಕಂಪನಿಗೆ, ವಿಮೆ ಮಾರುವ ಹಕ್ಕು ಯಾಕಿರಬೇಕೆಂದು ಕೇಳಿ. ಇವೆಲ್ಲ ದೊಡ್ಡ ಕೆಲಸ, ವರ್ಷಗಳು ಹಿಡಿಯುತ್ತವೆ ಎಂದಾದರೆ, ಅಲ್ಲಿಯವರೆಗೆ ಅವ್ವಣ್ಣ ಕೇಳಿದ್ದಕ್ಕಾದರೂ ತಮ್ಮ ಸಹಿ ಹಾಕಿ ಒಂದು ಉತ್ತರ ಕಳಿಸಿ. ಲಾಂಡ್ರಿಯ ಗೋಡೆಗೆ ಅಂಟಿಸುತ್ತೇನೆ.

ನಾನು ಮಾತ್ರ ಆ ಉತ್ತರಕ್ಕೆ ಕಾಯುವುದಿಲ್ಲ. ಈ ಪತ್ರವನ್ನು ಡಬ್ಬಿಗೆ ಹಾಕಿ ನೇರ ಡಾಕ್ಟರ ಹತ್ತಿರ ಹೋಗುತ್ತೇನೆ. ಶರಣಮ್ಮನಿಗೆ ನಿನ್ನೆ ಎಲ್ಲ ಹೇಳಿದೆ. ಅವಳು ಇಸ್ತ್ರಿ ಕೆಳಗಿಟ್ಟು, "ನಾ ಬರ್ತೀನ್ರಿ ನಿಮ್ಮ ಜೋಡಿ" ಎಂದಳು. ಎಂದಿನಿಂದ ಇದೆ ಎಂದು ಡಾಕ್ಟರು ಕೇಳುತ್ತಾರೆ. ನಾನು ನಿಜ ಹೇಳುತ್ತೇನೆ. ಅವರು ಬರೆದುಕೊಳ್ಳಲಿ.

ಇಂತಿ,
ಶರಣಮ್ಮನ ಕೈ ಹಿಡಿದುಕೊಂಡು ಹೊರಟಿರುವ,
ತಮ್ಮ ನಿಯಮಗಳ ಪ್ರಕಾರ ಇಂದಿನಿಂದ ಮೊದಲೇ ಕಾಯಿಲೆ ಇದ್ದವಳಾಗಲಿರುವ,
ಮಾಧುರಿ
ವಿಮಾನ ನಗರ, ಪುಣೆ
ಫೆಬ್ರವರಿ 2008